10 ಅಡಿ ಕಯಾಕ್ ಬಿಟ್ಟು ದೊಡ್ಡ, ಭಾರದ ಫಿಶಿಂಗ್ ಕಯಾಕ್‌ಗೆ ಹೋಗಲಾ? ಬಳಸಿದವರು ದಯವಿಟ್ಟು ಹೇಳಿ

ಕೆಸರುಗಾಲು

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ, ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಹತ್ತಿರ ಇರುವುದು 10 ಅಡಿ ಉದ್ದ, 30 ಇಂಚು ಅಗಲದ ಸಿಟ್-ಆನ್-ಟಾಪ್ ಕಯಾಕ್, ಅಂದರೆ ಒಳಗೆ ಇಳಿಯದೆ ಮೇಲೆಯೇ ಕೂರುವ ಸಣ್ಣ ದೋಣಿ. ತೂಕ 25 ಕಿಲೋ. ಹೊರುವ ಮಿತಿ 135 ಕಿಲೋ. ನಾಲ್ಕು ವರ್ಷದಿಂದ ಇದರಲ್ಲೇ ಗಾಳ ಹಾಕುತ್ತಿದ್ದೇನೆ. ಎತ್ತಿ ಹೆಗಲಿಗೆ ಹಾಕಿಕೊಂಡರೆ ಆಯಿತು, ನೀರು ಸಿಗುವ ತನಕ ಇಳಿಸುವ ಮಾತೇ ಇಲ್ಲ.

ತೊಂದರೆ ಶುರುವಾಗುವುದು ನೀರಿಗಿಳಿದ ಮೇಲೆ. ಕೂತ ಜಾಗ ಯಾವಾಗಲೂ ಒದ್ದೆ. ಸೀಟು ತಗ್ಗಿನಲ್ಲಿದೆ, ಕಾಲು ಚಾಚಿಕೊಂಡೇ ಇರಬೇಕು, ಮೂರನೇ ಗಂಟೆಗೆ ಸೊಂಟ ಹಿಡಿದುಕೊಳ್ಳುತ್ತದೆ. ಎದ್ದು ನಿಂತು ಗಾಳ ಬೀಸಬೇಕು ಅಂತ ತುಂಬಾ ಆಸೆ, ಈ ಕಯಾಕ್‌ನಲ್ಲಿ ಅದು ಆಗದ ಕೆಲಸ. ಗಾಳಿ ಎದ್ದರಂತೂ ಒಂದು ಕೈಯಲ್ಲಿ ರಾಡ್, ಇನ್ನೊಂದು ಕೈಯಲ್ಲಿ ಹುಟ್ಟು. ಎರಡೂ ಸರಿಯಾಗಿ ಆಗುವುದಿಲ್ಲ.

ಕಣ್ಣಿಟ್ಟಿರುವುದು 12.5 ಅಡಿ ಉದ್ದ, 36 ಇಂಚು ಅಗಲದ ಪೆಡಲ್ ಕಯಾಕ್ ಮೇಲೆ. ಬರೀ ದೋಣಿಯೇ 48 ಕಿಲೋ. ಸೀಟು, ಪೆಡಲ್ ಎಲ್ಲ ಸೇರಿದರೆ 60. ಮಿತಿ 225 ಕಿಲೋ.

ನನ್ನ ಬಗ್ಗೆ ಹೇಳುವುದಾದರೆ, ವಯಸ್ಸು 46, ತೂಕ 88 ಕಿಲೋ. ಜಾಸ್ತಿ ಸಲ ಒಬ್ಬನೇ ಹೋಗುವುದು. ಸಣ್ಣ ಕಾರು, ಮೇಲೆ ರ್ಯಾಕ್ ಇದೆ. ಕಾರು ನಿಲ್ಲಿಸುವ ಜಾಗದಿಂದ ನೀರಿಗೆ ಸುಮಾರು 150 ಮೀಟರ್, ಕೊನೆಯ 20 ಮೀಟರ್ ಇಳಿಜಾರು. ವಾರಕ್ಕೊಂದು ಸಲ, ನಾಲ್ಕೈದು ಗಂಟೆ. ನೀರು ವಿಶಾಲ, ಬೆಳಿಗ್ಗೆ ಹತ್ತರ ಮೇಲೆ ಗಾಳಿ ಗ್ಯಾರಂಟಿ. ಎರಡು ವರ್ಷದ ಹಿಂದೆ ಒಮ್ಮೆ ಬೆನ್ನು ಹಿಡಿದುಕೊಂಡಿತ್ತು, ಈಗ ಪರವಾಗಿಲ್ಲ.

ಏನು ಮಾಡಲಿ?

ಮಿಂಚುಳ್ಳಿ

ತಗೊಳ್ಳಿ ಸರ್. ನಾನೂ 10 ಅಡಿಯಿಂದ 36 ಇಂಚಿನದಕ್ಕೆ ಬಂದವನು. ಮೊದಲ ದಿನ ಎದ್ದು ನಿಂತಾಗ ಆದ ಸಂತೋಷ ಈಗಲೂ ನೆನಪಿದೆ. ಕೂತಾಗ ಬರೀ ನೀರಿನ ಹೊಳಪು ಕಾಣುತ್ತಿತ್ತು. ನಿಂತರೆ ಕಳೆಯ ಅಂಚು, ಮುಳುಗಿದ ಮರದ ಕೊಂಬೆ, ಅದರ ನೆರಳಲ್ಲಿ ನಿಂತ ಮೀನು, ಎಲ್ಲ ಕಾಣುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೆ ಇನ್ನೂ ಸ್ಪಷ್ಟ.

ಪೆಡಲ್ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲುವುದಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಕಾಲು ನಿಧಾನಕ್ಕೆ ಆಡಿಸುತ್ತಾ ಇರಿ, ಎರಡೂ ಕೈ ಗಾಳಕ್ಕೆ. ಪೆಡಲ್‌ನಲ್ಲಿ ಎರಡು ಜಾತಿ ಇದೆ. ಒಂದು ಪ್ರೊಪೆಲ್ಲರ್, ಸೈಕಲ್ ತುಳಿದ ಹಾಗೆ. ಹಿಂದಕ್ಕೆ ತುಳಿದರೆ ದೋಣಿ ಹಿಂದಕ್ಕೆ ಹೋಗುತ್ತದೆ. ಆದರೆ ಅದಕ್ಕೆ ಸುಮಾರು ಒಂದೂವರೆ ಅಡಿ ಆಳ ಬೇಕು, ಕಳೆ ಸುತ್ತಿಕೊಳ್ಳುತ್ತದೆ. ಇನ್ನೊಂದು ರೆಕ್ಕೆಯದು. ಹೋಬಿ ಕಂಪನಿಯವರು 1997ರಲ್ಲಿ ಮಿರಾಜ್‌ಡ್ರೈವ್ ಅಂತ ತಂದರಲ್ಲ, ಅದು. ದೋಣಿಯ ಕೆಳಗೆ ಎರಡು ರೆಕ್ಕೆ ಪೆಂಗ್ವಿನ್ ಥರ ಆಡುತ್ತವೆ. ನೀರು ಕಡಿಮೆ ಇರುವ ಕಡೆ ಅದನ್ನು ತಳಕ್ಕೆ ಮಡಚಿ ಇಡಬಹುದು. ನಿಮ್ಮ ನೀರು ಎಂಥದ್ದು ಅಂತ ನೋಡಿ ಆರಿಸಿ.

ಭಾರದ ಚಿಂತೆ ಬಿಡಿ. ಒಂದು ಟ್ರಾಲಿ ಇದ್ದರೆ ಸಾಕು.

ಹಳೇಹುಟ್ಟು

ಮಿಂಚುಳ್ಳಿ ಅವರು ನೀರಿನ ಮೇಲಿನದು ಹೇಳಿದ್ದಾರೆ, ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಾನು ದಡದ ಮೇಲಿನದು ಹೇಳುತ್ತೇನೆ.

ದೊಡ್ಡ ಕಯಾಕ್‌ನ ಭಾರ ನೀರಿಗೆ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ನಿಮ್ಮ ಮನೆಯ ಗೋಡೆಯಿಂದ ಕಾರಿನವರೆಗೆ, ಕಾರಿನಿಂದ ನೀರಿನವರೆಗೆ, ಆಮೇಲೆ ಸುಸ್ತಾಗಿ ವಾಪಸ್ ಬರುವಾಗ. ಈ ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೋಡಲು ಹೋದಾಗ ಬೆಳಿಗ್ಗೆಯ ಮೈಯಲ್ಲಿ ಒಂದು ತುದಿ ಎತ್ತಿ ನೋಡುತ್ತೇವೆ, ಪರವಾಗಿಲ್ಲ ಅನಿಸುತ್ತದೆ. ಐದು ಗಂಟೆ ಬಿಸಿಲಲ್ಲಿ ಕೂತು, ಕೈ ಒದ್ದೆಯಾಗಿ, ಪ್ಲಾಸ್ಟಿಕ್ ಜಾರುವಾಗ ಅದೇ ತುದಿ ಬೇರೆಯೇ ತೂಕ.

ನನ್ನ ಹತ್ತಿರ ಸುಮಾರು 14 ಅಡಿಯ ದೊಡ್ಡದು ಮೂರು ವರ್ಷ ಇತ್ತು. ದೋಣಿ ಬಂಗಾರದಂಥದ್ದು. ಮೊದಲ ವರ್ಷ ವಾರವಾರ ಹೋದೆ. ಎರಡನೇ ವರ್ಷ ತಿಂಗಳಿಗೆ ಎರಡು ಸಲ ಆಯಿತು. ಮೂರನೇ ವರ್ಷ ಜೊತೆಗೆ ಯಾರಾದರೂ ಬಂದರೆ ಮಾತ್ರ. ನನಗೆ ಮೀನು ಹಿಡಿಯುವ ಆಸೆ ಕಡಿಮೆಯಾಯಿತು ಅಂತಲೇ ತಿಳಿದಿದ್ದೆ. ಆಸೆ ಇದ್ದೇ ಇತ್ತು, ಎತ್ತುವ ಕೆಲಸ ನೆನೆಸಿಕೊಂಡು ಮೈ ಹಿಂಜರಿಯುತ್ತಿತ್ತು. ಮಾರಿ 30 ಕಿಲೋದ್ದು ತಂದೆ. ಮುಂದಿನ ವಾರವೇ ಮತ್ತೆ ಶುರುವಾಯಿತು.

ಹಾಗಂತ ತಗೊಳ್ಳಬೇಡಿ ಅನ್ನುತ್ತಿಲ್ಲ. ಮನೆ ಪಕ್ಕದಲ್ಲೇ ನೀರಿದ್ದರೆ, ಟ್ರೇಲರ್ ಇದ್ದರೆ ನಾನೂ ಇವತ್ತೇ ದೊಡ್ಡದಕ್ಕೆ ಹೋಗುತ್ತೇನೆ. ನಿಮ್ಮ 150 ಮೀಟರ್ ಮತ್ತು 20 ಮೀಟರ್ ಇಳಿಜಾರು, ನಿಮ್ಮ ಪ್ರಶ್ನೆಯ ಉತ್ತರ ಅಲ್ಲಿದೆ.

ನೀರುಗೆರೆ

ಕೆಸರುಗಾಲು ಅವರೇ, ಒಂದು ಪ್ರಶ್ನೆ. ನಿಮ್ಮ ಸಾಮಾನು ಎಷ್ಟು ತೂಕ? ಅಂದಾಜು ಬೇಡ, ತಕ್ಕಡಿಯಲ್ಲಿ ಇಟ್ಟು ಹೇಳಿ.

ಯಾಕೆ ಕೇಳಿದೆ ಅಂದರೆ, 135 ಕಿಲೋ ಅಂತ ಬರೆದಿರುವುದು ಮುಳುಗದೇ ಇರುವ ಲೆಕ್ಕಕ್ಕೆ ಹತ್ತಿರದ್ದು. ಆರಾಮಾಗಿ ಓಡಿಸುವ ಲೆಕ್ಕ ಅದಲ್ಲ. ಬಳಸುವವರು ಸಾಮಾನ್ಯವಾಗಿ ಅದರ ಮೂರನೇ ಎರಡು ಭಾಗಕ್ಕೆ ನಿಲ್ಲಿಸುತ್ತಾರೆ. ಅಂದರೆ ನಿಮ್ಮದರಲ್ಲಿ 90 ಕಿಲೋ. ನೀವೊಬ್ಬರೇ 88! ಸಾಮಾನು ಇಟ್ಟ ಮೇಲೆ ದೋಣಿ ತಗ್ಗಿ ಕೂರುತ್ತದೆ, ಸ್ಕಪರ್ ತೂತುಗಳಿಂದ (ಮೇಲೆ ಬಿದ್ದ ನೀರು ಕೆಳಗೆ ಹರಿದುಹೋಗಲು ದೋಣಿಯಲ್ಲಿ ಬಿಟ್ಟಿರುವ ತೂತು) ನೀರು ಮೇಲೆ ಬರುತ್ತದೆ. ಕೂತ ಜಾಗ ಒದ್ದೆ ಅಂದಿರಲ್ಲ, ಬಹುಶಃ ಕಾರಣ ಇದೇ.

ಸ್ಕಪರ್ ಪ್ಲಗ್ ಹಾಕಿ ಅಂತ ಯಾರಾದರೂ ಹೇಳುತ್ತಾರೆ. ನೀರು ಶಾಂತವಾಗಿದ್ದಾಗ ಸರಿ. ಅಲೆ ಹೊಡೆದು ಒಳಗೆ ಬಂದ ನೀರು ಹೊರಗೆ ಹೋಗಬೇಕಾದರೆ ಅದೇ ತೂತು ಬೇಕಲ್ವಾ? ಗಾಳಿ ಏಳುವ ಜಾಗದಲ್ಲಿ ಎಲ್ಲವನ್ನೂ ಮುಚ್ಚಿಕೊಂಡು ಕೂರಬೇಡಿ.

ಕೆಸರುಗಾಲು

ಈಗಷ್ಟೇ ತೂಗಿ ಬಂದೆ. ಎಲ್ಲವನ್ನೂ ಹೊತ್ತು ತಕ್ಕಡಿ ಮೇಲೆ ನಿಂತು ನನ್ನ ತೂಕ ಕಳೆದೆ. 24 ಕಿಲೋ! ನಾನು 12 ಇರಬಹುದು ಅಂದುಕೊಂಡಿದ್ದೆ.

ಹಿಂದಿನ ಕ್ರೇಟ್ ಒಂದೇ 11 ಕಿಲೋ. ಬಿಚ್ಚಿ ನೆಲದ ಮೇಲೆ ಹರಡಿದೆ. ಸೀಸದ ಗುಂಡುಗಳೇ ಸುಮಾರು ಎರಡು ಕಿಲೋ, ಅದರಲ್ಲಿ ನಾನು ಬಳಸುವುದು ನಾಲ್ಕೋ ಐದೋ. ಎರಡು ವರ್ಷದಿಂದ ಮುಚ್ಚಳ ತೆಗೆಯದ ಒಂದು ಡಬ್ಬಿ. ಮೂರು ಇಕ್ಕಳ. ಫಿಶ್ ಫೈಂಡರ್‌ಗೆ (ನೀರಿನಡಿಯ ಮೀನು ತೋರಿಸುವ ಯಂತ್ರ) ಹಳೆಯ ಸೀಸದ ಬ್ಯಾಟರಿ, 12 ವೋಲ್ಟ್ 7 ಆಂಪಿಯರ್-ಅವರ್, ಅದು ಎರಡು ಕಿಲೋಗೂ ಜಾಸ್ತಿ. ಎರಡು ಲಂಗರು. ನಾಲ್ಕು ರಾಡ್, ರೀಲ್ ಸಮೇತ.

88 ಮತ್ತು 24 ಸೇರಿದರೆ 112. ನೀರುಗೆರೆ ಅವರು ಹೇಳಿದ 90 ಎಲ್ಲಿ, ಇದೆಲ್ಲಿ!

ನೀರುಗೆರೆ

ನೋಡಿ, ಪುಕ್ಕಟೆಯಾಗಿ ಒಂದು ಉತ್ತರ ಸಿಕ್ಕಿತು. ಅಷ್ಟೇ ಆಂಪಿಯರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮಾರು ಒಂದು ಕಿಲೋ. ಒಂದು ಲಂಗರು ಸಾಕು. ರಾಡ್ ಎರಡು ಸಾಕು. ಮೊದಲು 14-15 ಕಿಲೋಗೆ ಇಳಿಸಿ ಒಂದು ವಾರ ಹೋಗಿ ಬನ್ನಿ.

ಆದರೂ 103 ಆಗುತ್ತದೆ, ಹಳೆಯ ದೋಣಿ ನಿಮಗೆ ಚಿಕ್ಕದೇ. ನಿಮಗೆ ಜಾಸ್ತಿ ಹೊರುವ ದೋಣಿ ಬೇಕು ಅನ್ನುವುದು ನಿಜ. 48 ಕಿಲೋದ್ದೇ ಬೇಕಾ ಅನ್ನುವುದು ಬೇರೆ ಪ್ರಶ್ನೆ.

ಒಂಟಿಗಾಳ

ನಾನು ಮಾತಾಡಲೇಬೇಕಾದ ವಿಷಯ ಇದು. ನನ್ನ ತೂಕ 54 ಕಿಲೋ. ನನ್ನ ಕಯಾಕ್ 41 ಕಿಲೋ. ಆರು ವರ್ಷದಿಂದ ಒಬ್ಬಳೇ ಹತ್ತಿಸಿ ಇಳಿಸುತ್ತಿದ್ದೇನೆ. ಶಕ್ತಿ ನನಗೇನೂ ಜಾಸ್ತಿ ಇಲ್ಲ, ರೀತಿ ಗೊತ್ತಿದೆ ಅಷ್ಟೇ.

ಇಡೀ ದೋಣಿಯನ್ನು ಯಾವತ್ತೂ ಎತ್ತಬೇಡಿ. ಕಾರಿನ ಹಿಂದೆ ನೆಲದ ಮೇಲೆ ನೇರವಾಗಿ ಇಡಿ. ಹಿಂದಿನ ತುದಿಯ ಕೆಳಗೆ ಒಂದು ಹಳೇ ಚಾಪೆ ಹಾಕಿ. ಮೂತಿ ಎತ್ತಿ ಹಿಂದಿನ ರ್ಯಾಕ್ ಸರಳಿನ ಮೇಲೆ ಒರಗಿಸಿ. ಇಲ್ಲಿ ನೀವು ಎತ್ತುವುದು ಹೆಚ್ಚೂಕಡಿಮೆ ಅರ್ಧ ತೂಕ. ಆಮೇಲೆ ಹಿಂದೆ ಹೋಗಿ ಬಾಲ ಎತ್ತಿ ಮುಂದಕ್ಕೆ ನೂಕಿ. ನಡುಭಾಗ ಸರಳು ದಾಟುವ ಹೊತ್ತಿಗೆ ತೂಕವೆಲ್ಲ ಕಾರಿನ ಮೇಲೆ ಹೋಗಿರುತ್ತದೆ. ಸರಳಿಗೆ ರಬ್ಬರ್ ಸುತ್ತಬೇಡಿ, ಹಿಡಿದುಕೊಳ್ಳುತ್ತದೆ. ಜಾರಬೇಕು. ಹಿಂದಿನ ಗಾಜಿಗೆ ತಾಗದ ಹಾಗೆ ಒಂದು ರೋಲರ್ ಸಿಗುತ್ತದೆ, ಅದು ಇದ್ದರೆ ಇನ್ನೂ ಸುಲಭ.

ಸೀಟು, ಕ್ರೇಟ್, ಪೆಡಲ್, ಬ್ಯಾಟರಿ ಎಲ್ಲ ಮೊದಲೇ ಬಿಚ್ಚಿ. ಸೋಮಾರಿತನಕ್ಕೆ ಸೀಟು ಸಮೇತ ಎತ್ತಲು ಹೋದ ದಿನವೇ ನನ್ನ ಹೆಗಲು ಕೈಕೊಟ್ಟಿತು. ಎಂಟು ವಾರ ನೀರಿಗೆ ಹೋಗಲಿಲ್ಲ.

ಟ್ರಾಲಿ ಬಗ್ಗೆ: ಸ್ಕಪರ್ ತೂತಿಗೆ ಕಡ್ಡಿ ತೂರಿಸುವ ಥರದ್ದು ಭಾರದ ದೋಣಿಗೆ ಬೇಡ. ಎಲ್ಲ ತೂಕ ಆ ಎರಡು ತೂತಿನ ಅಂಚಿನ ಮೇಲೆ ಬೀಳುತ್ತದೆ, ದಿನ ಕಳೆದ ಹಾಗೆ ಬಿರುಕು ಬಿಡುತ್ತದೆ. ತಳಕ್ಕೆ ದಿಂಬಿನ ಹಾಗೆ ಕೂತು, ಮೇಲಿಂದ ಪಟ್ಟಿ ಕಟ್ಟುವ ಥರದ್ದು ತಗೊಳ್ಳಿ. ಚಕ್ರ ನಡುವಿಗಿಂತ ಸ್ವಲ್ಪ ಹಿಂದೆ ಬರಲಿ. ಆಗ ಕೈಗೆ ನಾಲ್ಕೈದು ಕಿಲೋ ಭಾರ ಮಾತ್ರ ಬರುತ್ತದೆ. ಮರಳಿದ್ದರೆ ದಪ್ಪ ಬಲೂನ್ ಚಕ್ರವೇ ಬೇಕು.

ನೀರುಗೆರೆ

ಒಂಟಿಗಾಳ ಅಕ್ಕ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಸಮ ನೆಲದಲ್ಲಿ ಟ್ರಾಲಿ ಎಳೆಯುವುದು ಏನೂ ಅಲ್ಲ. ಇಳಿಜಾರಲ್ಲಿ ಹಾಗಲ್ಲ. 60 ಕಿಲೋ ದೋಣಿ, 15 ಕಿಲೋ ಸಾಮಾನು, 10 ಡಿಗ್ರಿ ಏರು ಅಂದುಕೊಳ್ಳಿ. ಚಕ್ರ ಎಷ್ಟೇ ನುಣ್ಣಗೆ ಉರುಳಿದರೂ 13 ಕಿಲೋ ಎತ್ತಿದಷ್ಟು ಬಲದಲ್ಲಿ ಎಳೆಯುತ್ತಲೇ ಇರಬೇಕು. ಕಲ್ಲು, ಕೆಸರು ಇದ್ದರೆ ಇನ್ನೂ ಜಾಸ್ತಿ. ಅದೂ ವಾಪಸ್ ಬರುವಾಗ, ಹತ್ತುವಾಗ.

ಇಳಿಯುವಾಗ ಅದೇ ಬಲ ನಿಮ್ಮ ಬೆನ್ನ ಹಿಂದಿನಿಂದ ತಳ್ಳುತ್ತದೆ. ಭಾರದ ದೋಣಿಯ ಮುಂದೆ ನಡೆಯಬೇಡಿ. ನೀವು ಹಿಂದೆ ಇರಿ, ಹಗ್ಗ ಹಿಡಿದು ಬಿಡುತ್ತಾ ಹೋಗಿ.

ಬೆಳಗಿನಗಾಳಿ

ಎಲ್ಲರೂ ದಡದ ಬಗ್ಗೆ ಮಾತಾಡಿದಿರಿ. ನಾನು ಕೇಳುವುದು ಒಂದೇ. ಆ 36 ಇಂಚಿನ ದೋಣಿ ನೀರಿನ ನಡುವೆ ಮಗುಚಿದರೆ, ಒಬ್ಬರೇ ಇದ್ದಾಗ, ಅದನ್ನು ನೆಟ್ಟಗೆ ಮಾಡಲು ಬರುತ್ತದಾ?

ಅಗಲ ದೋಣಿ ಸುಲಭಕ್ಕೆ ಮಗುಚುವುದಿಲ್ಲ, ಒಪ್ಪಿದೆ. ಆದರೆ ಮೊದಲು ಕಾಣುವ ಸ್ಥಿರತೆ ಬೇರೆ, ಓರೆಯಾದ ಮೇಲಿನ ಸ್ಥಿರತೆ ಬೇರೆ. ಚಪ್ಪಟೆ ತಳದ ಅಗಲ ದೋಣಿ ನೆಲದ ಹಾಗೆ ಗಟ್ಟಿ ಅನಿಸುತ್ತದೆ. ಒಂದು ಮಿತಿ ದಾಟಿತೋ, ಮುನ್ಸೂಚನೆ ಇಲ್ಲದೆ ಹೋಗಿಬಿಡುತ್ತದೆ. ಮೇಲಾಗಿ ಎತ್ತರದ ಸೀಟು, ನಿಂತ ಮನುಷ್ಯ. ತೂಕ ಮೇಲೆ ಹೋದಷ್ಟೂ ಆ ಮಿತಿ ಹತ್ತಿರ ಬರುತ್ತದೆ. ಒಮ್ಮೆ ಮಗುಚಿದ ಮೇಲೆ ಅದೇ ಅಗಲ ನಿಮಗೆ ವಿರುದ್ಧ. ತಲೆಕೆಳಗಾಗಿಯೂ ಅಷ್ಟೇ ಸ್ಥಿರವಾಗಿ ತೇಲುತ್ತಿರುತ್ತದೆ. ನನ್ನ ಪರಿಚಯದವರೊಬ್ಬರು ತಣ್ಣನೆ ನೀರಲ್ಲಿ ಇಪ್ಪತ್ತು ನಿಮಿಷ ಒದ್ದಾಡಿದರು, ಆಗಲಿಲ್ಲ. ಬೇರೆ ದೋಣಿಯವರು ಬಂದು ಎತ್ತಿದರು. ಲೈಫ್ ಜಾಕೆಟ್ ಮೈಮೇಲೆ ಇತ್ತು, ಅದಕ್ಕೇ ಉಳಿದರು. ಅದನ್ನು ಸೀಟಿನ ಹಿಂದೆ ಸಿಕ್ಕಿಸಿ ಇಟ್ಟಿದ್ದರೆ ಈ ಮಾತು ನಾನು ಬರೆಯುತ್ತಿರಲಿಲ್ಲ.

ತಣ್ಣನೆ ನೀರಿನ ಬಗ್ಗೆ ಕಲಿಸುವಾಗ 1-10-1 ಅಂತ ಹೇಳಿಕೊಡುತ್ತಾರೆ. ತೀರಾ ತಣ್ಣನೆ ನೀರಿಗೆ ಬಿದ್ದರೆ ಮೊದಲ 1 ನಿಮಿಷ ಉಸಿರು ಹತೋಟಿಗೆ ತರುವುದಕ್ಕೆ. ಆಮೇಲೆ ಸುಮಾರು 10 ನಿಮಿಷ ಮಾತ್ರ ಕೈಕಾಲು ಮಾತು ಕೇಳುತ್ತವೆ. ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ ಹಿಡಿಯಬಹುದು. ಅಂದರೆ ದೋಣಿ ತಿರುಗಿಸಿ ಹತ್ತುವ ಕೆಲಸ ಆ ಹತ್ತು ನಿಮಿಷದಲ್ಲೇ ಆಗಬೇಕು.

ತಗೊಳ್ಳುವ ಮುಂಚೆ ಅದನ್ನು ಮಗುಚಿ ನೋಡಿ. ಎದೆಮಟ್ಟದ ನೀರಲ್ಲಿ, ಜೊತೆಗೊಬ್ಬರನ್ನು ಇಟ್ಟುಕೊಂಡು. ಇಷ್ಟು ಮಾಡದೆ ನೀವು ಒಬ್ಬರೇ ಹೋಗುವುದು ನನಗೆ ಮನಸ್ಸಿಗೆ ಬರುತ್ತಿಲ್ಲ.

ಮಿಂಚುಳ್ಳಿ

ಬೆಳಗಿನಗಾಳಿ ಅವರ ಮಾತು ಓದಿ ನಿನ್ನೆ ನಾನೇ ಹೋಗಿ ನೋಡಿದೆ. ಮೂರು ವರ್ಷ ಬಳಸಿದ್ದೇನೆ, ಒಮ್ಮೆಯೂ ಮಗುಚಿ ನೋಡಿರಲಿಲ್ಲ. ಮೊದಲ ಎರಡು ಸಲ ಆಗಲಿಲ್ಲ. ಒದ್ದೆ ತಳದ ಮೇಲೆ ಹಿಡಿಯುವುದಕ್ಕೆ ಏನೂ ಇಲ್ಲ. ಒಂದು ಪಕ್ಕದ ಹಿಡಿಕೆಗೆ ಪಟ್ಟಿ ಕಟ್ಟಿ, ತಳದ ಮೇಲಿಂದ ಈಚೆಗೆ ತಂದು, ಇನ್ನೊಂದು ಅಂಚಿನ ಮೇಲೆ ಮೊಣಕಾಲು ಊರಿ ಹಿಂದಕ್ಕೆ ಬಿದ್ದೆ. ತಿರುಗಿತು. ಇನ್ನು ಮುಂದೆ ಆ ಪಟ್ಟಿ ದೋಣಿಯಲ್ಲೇ ಇರುತ್ತದೆ. "ಭಾರದ ಚಿಂತೆ ಬಿಡಿ" ಅಂತ ಮೊದಲು ಬರೆದಿದ್ದೆನಲ್ಲ, ಅದನ್ನು ವಾಪಸ್ ತಗೊಳ್ಳುತ್ತೇನೆ.

ಕೆಸರುಗಾಲು

ಇಷ್ಟು ಮನಸ್ಸಿಟ್ಟು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಮಗುಚುವ ವಿಷಯ ನನ್ನ ತಲೆಗೇ ಬಂದಿರಲಿಲ್ಲ.

ಇನ್ನೊಂದು ಅನುಮಾನ. ಉದ್ದ ಜಾಸ್ತಿ ಅಂದರೆ ವೇಗ ಜಾಸ್ತಿ ಅಂತಾರಲ್ಲ, ನಿಜವಾ? ಗಾಳಿಗೆ ಎದುರು ವಾಪಸ್ ಬರುವುದೇ ನನ್ನ ದೊಡ್ಡ ಕಷ್ಟ.

ನೀರುಗೆರೆ

ಅರ್ಧ ನಿಜ. ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಒಂದು ವೇಗದ ಮಿತಿ ಇದೆ, ಅದು ನೀರಿಗೆ ತಾಗುವ ಉದ್ದದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. 10 ಅಡಿಗೆ ಗಂಟೆಗೆ ಸುಮಾರು 7.8 ಕಿ.ಮೀ., 12.5 ಅಡಿಗೆ ಸುಮಾರು 8.8. ಆದರೆ ನಾವು ಮೀನು ಹಿಡಿಯುವವರು ಗಂಟೆಗೆ ನಾಲ್ಕೈದು ಕಿ.ಮೀ.ನಲ್ಲಿ ಹೋಗುವವರು. ಆ ಮಿತಿ ಮುಟ್ಟುವುದೇ ಇಲ್ಲ. ನಮ್ಮ ವೇಗದಲ್ಲಿ ಲೆಕ್ಕಕ್ಕೆ ಬರುವುದು ಅಗಲ ಮತ್ತು ನೀರಿಗೆ ತಾಗುವ ಮೈ. 36 ಇಂಚಿನದು ಅಲ್ಲಿ ಕಷ್ಟ ಕೊಡುತ್ತದೆ, ಹುಟ್ಟು ಹಾಕಿದರೆ ಇನ್ನೂ ಜಾಸ್ತಿ. ಅಷ್ಟು ಅಗಲಕ್ಕೆ ಈಗಿನ ಹುಟ್ಟು ಗಿಡ್ಡವಾಗುತ್ತದೆ, 250 ಸೆಂಟಿಮೀಟರ್ ಅಥವಾ ಅದಕ್ಕೂ ಉದ್ದದ್ದು ಬೇಕು.

ಉದ್ದದಿಂದ ಸಿಗುವ ನಿಜವಾದ ಲಾಭ ಅಂದರೆ ನೇರ ಹೋಗುವುದು. ಗಾಳಿಯಲ್ಲಿ ಮೂತಿ ಆ ಕಡೆ ಈ ಕಡೆ ತಿರುಗುವುದು ಕಡಿಮೆ.

ಮತ್ತೆ ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು. ಎತ್ತರದ ಬದಿ, ಎತ್ತರದ ಸೀಟು ಇರುವ ದೊಡ್ಡ ದೋಣಿ ಹಾಯಿಯ ಹಾಗೆ ಗಾಳಿ ಹಿಡಿಯುತ್ತದೆ. ಪೆಡಲ್ ಇದ್ದರೆ ಕಾಲಿನ ಬಲದಲ್ಲಿ ಎದುರಿಸಬಹುದು. ಪೆಡಲ್ ಕೆಟ್ಟರೆ ಅದೇ ದೋಣಿಯನ್ನು ಹುಟ್ಟಿನಲ್ಲೇ ದಡ ಸೇರಿಸಬೇಕು, ಆದ್ದರಿಂದ ಹುಟ್ಟು ಮರೆಯಬೇಡಿ.

ಹಳೇಹುಟ್ಟು

ಕೆಸರುಗಾಲು, ನಿಮಗೆ ಒಂದು ಪರೀಕ್ಷೆ ಕೊಡುತ್ತೇನೆ. ಖರ್ಚಿಲ್ಲ. ನಾನು ದೊಡ್ಡದು ತಗೊಳ್ಳುವ ಮುಂಚೆ ಯಾರಾದರೂ ಹೇಳಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ನಿಮ್ಮ 25 ಕಿಲೋ ದೋಣಿಯನ್ನೇ 48 ಮಾಡಿ. 23 ಲೀಟರ್ ನೀರು ಅಂದರೆ 23 ಕಿಲೋ. ಸಣ್ಣ ಕ್ಯಾನ್‌ಗಳಲ್ಲಿ ತುಂಬಿ, ದೋಣಿಯ ನಡುಭಾಗದಲ್ಲಿ ಅಲ್ಲಾಡದ ಹಾಗೆ ಪಟ್ಟಿ ಹಾಕಿ ಬಿಗಿಯಿರಿ. ಮನೆಯಿಂದ ಹೊರಡಿ. ಕಾರಿಗೆ ಹತ್ತಿಸಿ, ಇಳಿಸಿ, ಟ್ರಾಲಿಯಲ್ಲಿ ನೀರಿನ ತನಕ ಎಳೆಯಿರಿ. ಅಲ್ಲಿ ಕ್ಯಾನ್ ಬಿಚ್ಚಿ ಎಂದಿನ ಹಾಗೆ ಐದು ಗಂಟೆ ಮೀನು ಹಿಡಿಯಿರಿ. ವಾಪಸ್ ಬಂದು ಮತ್ತೆ ಕ್ಯಾನ್ ಕಟ್ಟಿ, ಏರು ಹತ್ತಿಸಿ, ಕಾರಿನ ಮೇಲಕ್ಕೆ ಹತ್ತಿಸಿ. ಮನೆಯಲ್ಲಿ ಇಳಿಸಿ ಒಳಗಿಡಿ. ಆಮೇಲೆ ನಿರ್ಧಾರ ಮಾಡಿ.

ಪಕ್ಕದಲ್ಲಿ ಒಬ್ಬರು ಇರಲಿ, ಮುಟ್ಟದೆ ನೋಡುತ್ತಿರಲಿ. ಬೆನ್ನು ಸ್ವಲ್ಪ ಎಳೆದರೂ ನಿಲ್ಲಿಸಿ.

ರ್ಯಾಕ್ ಎಷ್ಟು ತಡೆಯುತ್ತದೆ ಅಂತ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಆ ಅಂಕೆಯಲ್ಲಿ ಸರಳು, ಕೊಕ್ಕೆ ಎಲ್ಲದರ ತೂಕವೂ ಸೇರುತ್ತದೆ, ಬರೀ ದೋಣಿಯದಲ್ಲ.

ಕೆಸರುಗಾಲು

ಹನ್ನೆರಡು ದಿನ ಆಯಿತು, ತಡವಾಗಿದ್ದಕ್ಕೆ ಕ್ಷಮಿಸಿ. ಎಲ್ಲ ಮಾಡಿದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಸಾಮಾನು ಇಳಿಸಿದೆ. ಈಗ 14 ಕಿಲೋ. ಸೀಟಿನ ಕೆಳಗೆ ಎರಡು ಇಂಚಿನ ಗಟ್ಟಿ ಫೋಮ್ ಹಾಕಿದೆ. ಒಂದು ಬೆಳಿಗ್ಗೆ ಹೋಗಿ ಬಂದೆ. ಕೂತ ಜಾಗ ಒಣಗಿತ್ತು! ನಾಲ್ಕು ವರ್ಷ ಒದ್ದೆಯಲ್ಲಿ ಕೂತಿದ್ದೆನಲ್ಲ ಅಂತ ಬೇಜಾರಾಯಿತು. ಆದರೆ ಎರಡು ಇಂಚು ಏರಿದ್ದಕ್ಕೆ ಓಲಾಟ ಜಾಸ್ತಿ ಆಗಿದೆ. 30 ಇಂಚಿನಲ್ಲಿ ಇದಕ್ಕಿಂತ ಎತ್ತರ ಕೂರುವ ಧೈರ್ಯ ಇಲ್ಲ.

ಆಮೇಲೆ ನೀರಿನ ಕ್ಯಾನ್ ಪರೀಕ್ಷೆ. ನನ್ನ ತಮ್ಮ ಜೊತೆಗೆ ಬಂದಿದ್ದ. ಬೆಳಿಗ್ಗೆ ಒಂಟಿಗಾಳ ಅವರು ಹೇಳಿದ ಹಾಗೇ ಚಾಪೆ ಹಾಕಿ, ಮೂತಿ ಎತ್ತಿ, ನೂಕಿದೆ. ಸಲೀಸಾಗಿ ಹೋಯಿತು. ಟ್ರಾಲಿ ಇಳಿಜಾರಲ್ಲಿ ತಳ್ಳಿತು, ಹಗ್ಗ ಹಿಡಿದು ಹಿಂದೆ ನಿಂತೆ. ಅಲ್ಲಿಯವರೆಗೆ 48 ಕಿಲೋದ್ದೇ ತಗೊಳ್ಳುತ್ತೇನೆ ಅಂತ ಮನಸ್ಸು ಕುಣಿಯುತ್ತಿತ್ತು.

ವಾಪಸ್ ಬರುವಾಗ ಮಧ್ಯಾಹ್ನ ಒಂದು ಗಂಟೆ. ಏರಿನಲ್ಲಿ ಮೂರು ಸಲ ನಿಂತೆ. ಮೂರನೇ ಸಲ ನಿಂತಾಗ ಟ್ರಾಲಿ ಹಿಂದಕ್ಕೆ ಜಾರಿತು, ಹಿಮ್ಮಡಿ ಮಣ್ಣಿಗೆ ಊರಿ ತಡೆದೆ. ಕಾರಿನ ಹತ್ತಿರ ಬಂದು ಮೂತಿ ಎತ್ತಿದೆ. ಎದೆಯ ತನಕ ಬಂತು. ಅಲ್ಲಿಂದ ಮೇಲೆ ಒಂದು ಗೇಣು ಬೇಕಿತ್ತು, ಸರಳು ಮುಟ್ಟಲು. ಕೈ ನಡುಗಲು ಶುರುವಾಯಿತು. ಹಿಡಿಕೆಯಲ್ಲಿ ಕೆಸರು ನೀರು ಇಳಿದು ಮೊಣಕೈವರೆಗೆ ಬರುತ್ತಿತ್ತು. ಬೆಳಿಗ್ಗೆ ಅದೇ ಒಂದು ಗೇಣು ಲೆಕ್ಕಕ್ಕೇ ಇರಲಿಲ್ಲ. ತಮ್ಮ ಓಡಿ ಬಂದು ಕೈ ಕೊಡದಿದ್ದರೆ ಹಿಂದಿನ ಗಾಜಿನ ಮೇಲೆ ಬಿಡುತ್ತಿದ್ದೆ. ಅವನು ಬಂದಾಗಲೂ ದೋಣಿ ಒಮ್ಮೆ ಜಾರಿ, ಕಾರಿನ ಹಿಂಬಾಗಿಲ ಮೇಲೆ ಉದ್ದಕ್ಕೆ ಒಂದು ಗೀರು ಬಿತ್ತು.

ಹಳೇಹುಟ್ಟು ಅವರೇ, ನೀವು ಹೇಳಿದ ಮೂರನೆಯ ತೂಕ ಅಂದರೆ ಏನು ಅಂತ ಈಗ ಕೈಗೆ ಗೊತ್ತಾಗಿದೆ.

ಮರುದಿನ ಬೆನ್ನು ಬಿಗಿಯಾಗಿತ್ತು, ನೋವು ಇರಲಿಲ್ಲ. ಎರಡು ದಿನ ಬಿಟ್ಟು ಕ್ಯಾನ್ ಕಡಿಮೆ ಮಾಡಿ 36 ಕಿಲೋಗೆ ಮತ್ತೆ ಅದೇ ಕೆಲಸ ಮಾಡಿದೆ, ಅದೇ ಐದು ಗಂಟೆ ಆದ ಮೇಲೆ. ಕಷ್ಟಪಟ್ಟೆ, ಆದರೆ ಒಬ್ಬನೇ ಹತ್ತಿಸಿದೆ. ತಮ್ಮ ಕೈ ಕಟ್ಟಿಕೊಂಡು ನಿಂತಿದ್ದ.

ಒಂಟಿಗಾಳ

ಬೆನ್ನಿಗೆ ಏನೂ ಆಗಲಿಲ್ಲ ಅಂತ ಓದಿ ಸಮಾಧಾನ ಆಯಿತು. ಆ ಒಂದು ಗೇಣಿಗೆ ಉಪಾಯ ಇದೆ. ಒಂದು ಸಣ್ಣ ಗಟ್ಟಿ ಮೆಟ್ಟಿಲು ಸ್ಟೂಲ್ ಇಟ್ಟುಕೊಳ್ಳಿ. ಮೂತಿಯನ್ನು ಮೊದಲು ಅದರ ಮೇಲೆ ಒರಗಿಸಿ, ಉಸಿರು ಬಿಟ್ಟು, ಆಮೇಲೆ ಸರಳಿಗೆ. ಒಂದೇ ದಮ್ಮಿಗೆ ಎತ್ತಬೇಕು ಅಂತ ಯಾವ ನಿಯಮವೂ ಇಲ್ಲ.

ಬೆಳಗಿನಗಾಳಿ

ಮಗುಚುವ ಪರೀಕ್ಷೆ ಮಾಡಿದಿರಾ?

ಕೆಸರುಗಾಲು

ಮಾಡಿದೆ. ಮೊನ್ನೆ ಒಬ್ಬ ಪರಿಚಯದವರು ತಮ್ಮ 11.5 ಅಡಿ, 34 ಇಂಚಿನ ದೋಣಿ ಒಂದು ದಿನಕ್ಕೆ ಕೊಟ್ಟರು. ದೋಣಿ 36 ಕಿಲೋ, ಮಿತಿ 180. ಪೆಡಲ್ ಇಲ್ಲ, ಬೇಕಾದರೆ ಆಮೇಲೆ ಕೂರಿಸುವುದಕ್ಕೆ ನಡುವೆ ಜಾಗ ಬಿಟ್ಟಿದ್ದಾರೆ.

180ರ ಮೂರನೇ ಎರಡು 120. ನಾನು, ಸಾಮಾನು ಸೇರಿ 102. ತೂತಿನಲ್ಲಿ ನೀರು ಮೇಲೆ ಬರಲೇ ಇಲ್ಲ.

ಎದೆಮಟ್ಟದ ನೀರಲ್ಲಿ ಬೇಕಂತಲೇ ಮಗುಚಿದೆ. ಪಟ್ಟಿ ಇಲ್ಲದೆ ಎರಡು ಸಲ ಪ್ರಯತ್ನಿಸಿದೆ, ಆಗಲಿಲ್ಲ. ಪಟ್ಟಿ ಕಟ್ಟಿ ಮೊದಲ ಸಲಕ್ಕೇ ತಿರುಗಿತು. ಹತ್ತುವುದು ಕಷ್ಟ ಆಯಿತು. ನೇರ ಎತ್ತಿಕೊಳ್ಳಲು ಹೋದರೆ ದೋಣಿ ಮೈಮೇಲೆ ಬರುತ್ತಿತ್ತು. ಕಾಲನ್ನು ನೀರಿನ ಮಟ್ಟಕ್ಕೆ ತಂದು, ಮೀನಿನ ಹಾಗೆ ಬಡಿದು, ಹೊಟ್ಟೆಯ ಮೇಲೆ ಅಡ್ಡ ಬಿದ್ದು, ಆಮೇಲೆ ಹೊರಳಿ ಕೂತೆ. ನಾಲ್ಕನೇ ಸಲಕ್ಕೆ ಹದ ಸಿಕ್ಕಿತು.

ಆಮೇಲೆ ಎದ್ದು ನಿಂತೆ. ಮೊದಲು ಮೊಣಕಾಲು ನಡುಗಿತು. ಕಾಲು ಭುಜದಷ್ಟು ಅಗಲ ಮಾಡಿ, ಕಣ್ಣು ದೂರಕ್ಕೆ ನೆಟ್ಟ ಮೇಲೆ ನಿಂತುಕೊಂಡಿತು. ಹತ್ತು ನಿಮಿಷ ಗಾಳ ಬೀಸಿದೆ. ಮಿಂಚುಳ್ಳಿ ಅವರೇ, ಕಳೆಯ ಅಂಚು ನಿಜವಾಗಿಯೂ ಕಾಣುತ್ತದೆ.

36 ಇಂಚಿನಷ್ಟು ನಿರಾಳವಾಗಿ ನಿಲ್ಲಲು ಆಗುವುದಿಲ್ಲ ಅಂತ ಗೊತ್ತು. ಜೋರು ಗಾಳಿಯಲ್ಲಿ ಕೂತೇ ಮೀನು ಹಿಡಿಯುತ್ತೇನೆ. ಆದರೆ ಒಬ್ಬನೇ ಕಾರಿಗೆ ಹತ್ತಿಸಬಲ್ಲೆ. ಅದೇ ಅಳತೆಯದನ್ನು ತಗೊಳ್ಳುತ್ತಿದ್ದೇನೆ. ಹಳೆಯದು ಇರಲಿ, ಅರ್ಧ ಗಂಟೆ ಬಿಡುವು ಸಿಕ್ಕ ದಿನಕ್ಕೆ.

ಮಿಂಚುಳ್ಳಿ

ಒಳ್ಳೆಯ ಆಯ್ಕೆ ಸರ್. ಪೆಡಲ್ ಈಗಲೇ ಹಾಕಿಸಬೇಡಿ. ಒಂದು ಕಾಲ ಹುಟ್ಟಿನಲ್ಲೇ ಓಡಿಸಿ, ದೋಣಿಯ ಸ್ವಭಾವ ಗೊತ್ತಾಗಲಿ. ಗಾಳಿಗೆ ಆ್ಯಂಕರ್ ಟ್ರಾಲಿ ಹಾಕಿಕೊಳ್ಳಿ. ಬದಿಯ ಉದ್ದಕ್ಕೂ ಓಡುವ ಹಗ್ಗ ಅದು, ಲಂಗರನ್ನು ಮೂತಿಗೋ ಬಾಲಕ್ಕೋ ಸರಿಸಬಹುದು. ನಡು ಬದಿಗೆ ಮಾತ್ರ ಲಂಗರು ಕಟ್ಟಬೇಡಿ. ಸೆಳವು ಅಡ್ಡ ಹೊಡೆದರೆ ಎಳೆದು ಮಗುಚಿಬಿಡುತ್ತದೆ.

ಹಳೇಹುಟ್ಟು

ಖುಷಿಯಾಯಿತು. ಮನೆಗೆ ಬಂದ ಮೇಲೆ ಎರಡು ಕೆಲಸ. ಬಿಸಿಲಲ್ಲಿ ಪಟ್ಟಿ ಬಿಗಿದು ತುಂಬಾ ಹೊತ್ತು ಬಿಡಬೇಡಿ, ಪಾಲಿಎಥಿಲೀನ್ ಮೆತ್ತಗಾಗಿ ತಳ ತಗ್ಗು ಬೀಳುತ್ತದೆ. ಬಾಲ ಹಿಡಿದು ಜಲ್ಲಿಯ ಮೇಲೆ ಎಳೆಯಬೇಡಿ, ಸವೆಯುವುದು ಮೊದಲು ಅಲ್ಲೇ. ಮತ್ತೆ ಆ ತಿರುಗಿಸುವ ಪಟ್ಟಿ?

ಕೆಸರುಗಾಲು

ಪಟ್ಟಿ ಆಗಲೇ ತಂದಿಟ್ಟಿದ್ದೇನೆ, ಮೂರು ಮೀಟರ್, ನಡುವೆ ಎರಡು ಗಂಟು ಹಾಕಿದ್ದೇನೆ, ಒದ್ದೆ ಕೈಗೆ ಹಿಡಿತ ಸಿಗಲಿ ಅಂತ. ದೋಣಿ ಶುಕ್ರವಾರ ಬರುತ್ತದೆ. ಬಲಗಡೆಯ ಹಿಡಿಕೆಗೆ ಅದನ್ನು ಕಟ್ಟಿದ ಮೇಲೆಯೇ ನೀರಿಗಿಳಿಸುವುದು.